ಹುಳಿಯೂ ನೀರೂ

ಧಾರವಾಡ, ಗದಗಗಳ ಕಡೆಯ ಎರೆಯ ನೆಲದಲ್ಲಿ, ಚಳಿಗಾಲದ ಬೆಳಗಿನ ಜಾವ ಕಡಲೆಯ ಹೊಲದೊಳಗೆ ನಡೆದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಎಲೆಗಳ ಮೇಲೆ ಕುಳಿತ ಇಬ್ಬನಿ ಕಾಲಿಗೆ ತಗಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಚರ್ಮ ಚುರುಗುಟ್ಟತೊಡಗುತ್ತದೆ. ಆ ಇಬ್ಬನಿಯನ್ನು ಬೆರಳಿನಲ್ಲಿ ತೆಗೆದು ನಾಲಗೆಗೆ ತಾಕಿಸಿದರೆ ಹುಳಿ. ಹಿಂದೆ ಹಳ್ಳಿಗಳಲ್ಲಿ ಸಂಜೆಯ ಹೊತ್ತು ತೆಳುವಾದ ಅರಿವೆಯನ್ನು ಕಡಲೆಗಿಡಗಳ ಮೇಲೆ ಹಾಸಿ ಬರುತ್ತಿದ್ದರು. ಬೆಳಗಾಗುವುದರೊಳಗೆ ಅದು ಇಬ್ಬನಿಯಿಂದ ತೊಯ್ದಿರುತ್ತಿತ್ತು. ಅದನ್ನು ಹಿಂಡಿ, ಬಂದ ಹುಳಿನೀರನ್ನು ಹೊಟ್ಟೆನೋವಿಗೂ ಅಜೀರ್ಣಕ್ಕೂ ಮದ್ದೆಂದು ಸೀಸೆಯಲ್ಲಿ ಕಾಪಾಡಿಕೊಳ್ಳುತ್ತಿದ್ದರು.

ಈ ಹುಳಿ ಎಲ್ಲಿಂದ ಬಂತು? ಕಡಲೆಯ ಎಲೆಯ ಮೇಲೆ ಬಹು ಸಣ್ಣ ಕೂದಲುಗಳಿವೆ. ಅವು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಎಂಬ ಎರಡು ಆಮ್ಲಗಳನ್ನು ಒಸರುತ್ತವೆ. ಇಬ್ಬನಿಯ ನೀರು ಆ ಆಮ್ಲಗಳನ್ನು ಕರಗಿಸಿಕೊಂಡು ಅರಿವೆಗೆ ತಂದುಕೊಡುತ್ತದೆ. ಗಿಡದಲ್ಲಿ ಹುಳಿ ಇದ್ದರೂ ನೀರು ಬಾರದಿದ್ದರೆ ಅದು ನಮ್ಮ ಕೈಗೆ ಬರುತ್ತಿರಲಿಲ್ಲ. ಇಂದು ನಾನು ಹೇಳಬೇಕೆಂದಿರುವ ಮಾತಿನ ಸಾರವೆಲ್ಲ ಈ ಹಳ್ಳಿಯ ಯುಕ್ತಿಯಲ್ಲಿಯೇ ಅಡಗಿದೆ.

ಆಮ್ಲಗಳ ವಿಚಾರದಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಎಲ್ಲ ಆಮ್ಲಗಳೂ ನೀರಿನಲ್ಲಿ ಕರಗುತ್ತವೆಯೆ? ಚೆನ್ನಾಗಿ ಕರಗುವ ಆಮ್ಲವೇ ಉಗ್ರವಾದ ಆಮ್ಲವೆ? ಆಮ್ಲಕ್ಕೂ ನೀರಿಗೂ ಇರುವ ಈ ನಂಟನ್ನು ತಿಳಿದವನು ಮನೆಯಲ್ಲಿಯೂ ಕೆಲಸದ ಜಾಗದಲ್ಲಿಯೂ ಹೇಗೆ ನಡೆದುಕೊಳ್ಳಬೇಕು? ಮೂರನೆಯ ಪ್ರಶ್ನೆ ಕಡೆಯದಾದರೂ ಕಿರಿದಲ್ಲ. ಅದರಲ್ಲಿ ಒಬ್ಬರ ಕಣ್ಣು ಉಳಿಯುವ ಹೋಗುವ ಮಾತಿದೆ.

ಮೊದಲು ಹೆಸರಿನ ವಿಚಾರ. ಆಮ್ಲವೆಂದರೆ ಹುಳಿ ಎಂದೇ ಅರ್ಥ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ರಸಾಯನಜ್ಞನು, ಗಂಧಕ, ರಂಜಕ ಮೊದಲಾದುವು ಗಾಳಿಯಲ್ಲಿ ಉರಿದಾಗ ಹುಟ್ಟುವ ವಸ್ತುಗಳು ನೀರಿನಲ್ಲಿ ಕರಗಿ ಹುಳಿಯಾಗುವುದನ್ನು ಗಮನಿಸಿದನು. ಉರಿಯುವಾಗ ಸೇರಿಕೊಳ್ಳುವ ಗಾಳಿಯ ಅಂಶವೇ ಹುಳಿಗೆ ಕಾರಣವೆಂದು ಬಗೆದು, ‘ಹುಳಿಯನ್ನು ಹುಟ್ಟಿಸುವುದು’ ಎಂಬ ಅರ್ಥ ಬರುವ ಗ್ರೀಕ್ ಹೆಸರನ್ನು ಅದಕ್ಕೆ ಇಟ್ಟನು. ನಮ್ಮ ‘ಆಮ್ಲಜನಕ’ ಎಂಬ ಮಾತು ಆ ಹೆಸರಿನ ಮಕ್ಕಿಕಾಮಕ್ಕಿ ಅನುವಾದ. ಆದರೆ 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಅಡಿಗೆಯ ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ತೋರಿಸಿಕೊಟ್ಟನು. ಅದರಲ್ಲಿರುವುದು ಜಲಜನಕ ಮತ್ತು ಕ್ಲೋರಿನ್ ಎರಡೇ. ಹುಳಿಗೆ ತಂದೆ ಜಲಜನಕ. ಹೆಸರು ಮಾತ್ರ ಆಮ್ಲಜನಕದ ಪಾಲಾಯಿತು. ತಪ್ಪು ತಿಳಿವಳಿಕೆ ಹೋದ ಮೇಲೂ ಹೆಸರು ಉಳಿದುಬಿಡುವುದು ಶಾಸ್ತ್ರದಲ್ಲಿಯೂ ಉಂಟು.

ಇನ್ನು ಕರಗುವ ಮಾತು. ಸಾಮಾನ್ಯವಾಗಿ ನಮಗೆ ಎದುರಾಗುವ ಆಮ್ಲಗಳಲ್ಲಿ ಅನಿಲಗಳಿವೆ, ದ್ರವಗಳಿವೆ, ಹರಳುಗಳಿವೆ, ಮೇಣದಂಥವೂ ಇವೆ. ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿನಲ್ಲಿ ಒಂದು ಅನಿಲ. ನಾವು ಸೀಸೆಯಲ್ಲಿ ನೋಡುವುದು ಅದು ನೀರಿನಲ್ಲಿ ಕರಗಿದ ರೂಪ. ನೀರಿಗೆ ಈ ಅನಿಲದ ಮೇಲಿರುವ ಆಸೆ ಅಷ್ಟಿಷ್ಟಲ್ಲ. ಒಂದು ಲೀಟರು ನೀರು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 450 ಲೀಟರಿನಷ್ಟು ಅನಿಲವನ್ನು ನುಂಗಿಕೊಳ್ಳಬಲ್ಲುದು. ಅಂಗಡಿಯ ಅತಿ ಗಟ್ಟಿಯಾದ ದ್ರಾವಣದಲ್ಲಿಯೂ ನೂರು ಗ್ರಾಮಿಗೆ ಸುಮಾರು 37 ಗ್ರಾಂ ಮಾತ್ರ ಆಮ್ಲ, ಉಳಿದದ್ದು ನೀರೇ. ಆ ಸೀಸೆಯ ಬಿರಡೆ ತೆಗೆದಾಗ ಏಳುವ ಬಿಳಿಯ ಹೊಗೆಯನ್ನು ನೀವು ಕಂಡಿರಬಹುದು. ಹೊರಬಂದ ಅನಿಲ ಗಾಳಿಯ ತೇವವನ್ನು ಹಿಡಿದು ಸಣ್ಣ ಹನಿಗಳಾಗುವುದರಿಂದ ಆ ಹೊಗೆ ಕಾಣುತ್ತದೆ.

ಇದಕ್ಕೆ ಹೋಲಿಸಿ ನೋಡಿ, ಸೋಡಾ ನೀರಿನಲ್ಲಿರುವ ಇಂಗಾಲಾಮ್ಲದ ಅನಿಲವನ್ನು. ಒಂದು ಲೀಟರು ನೀರು ಸಾಮಾನ್ಯ ಉಷ್ಣತೆ, ಒತ್ತಡಗಳಲ್ಲಿ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ ಅನಿಲವನ್ನಷ್ಟೇ ಕರಗಿಸಿಕೊಳ್ಳುತ್ತದೆ. ಹೆಚ್ಚು ಬೇಕಾದರೆ ಒತ್ತಿ ತುಂಬಬೇಕು. ಗೋಲಿ ಸೋಡಾದ ಗೋಲಿಯನ್ನು ಒಳಕ್ಕೆ ತಳ್ಳಿದೊಡನೆ ಒತ್ತಡ ಇಳಿಯುತ್ತದೆ. ಬಲವಂತದಿಂದ ಕರಗಿದ್ದ ಅನಿಲ ಬುಸ್ಸೆಂದು ಹೊರಕ್ಕೆ ಬರುತ್ತದೆ.

ದ್ರವ ರೂಪದ ಗಂಧಕಾಮ್ಲ, ನೈಟ್ರಿಕ್ ಆಮ್ಲ, ಅಸೆಟಿಕ್ ಆಮ್ಲ ಇವು ಮೂರೂ ನೀರಿನೊಡನೆ ಎಷ್ಟು ಬೇಕಾದರೆ ಅಷ್ಟು ಬೆರೆಯುತ್ತವೆ. ಹಾಲು ನೀರು ಬೆರೆತ ಹಾಗೆ, ಇಷ್ಟಕ್ಕೆ ಸಾಕು ಎಂಬ ಎಲ್ಲೆಯೇ ಇಲ್ಲ. ಗಂಧಕಾಮ್ಲ ನೀರಿಗಿಂತ ಸುಮಾರು 1.84 ಪಾಲು ಭಾರ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ, ನೆನಪಿನಲ್ಲಿಟ್ಟುಕೊಳ್ಳಿ. ಅಸೆಟಿಕ್ ಆಮ್ಲವೇ ವಿನೆಗರಿನ ಹುಳಿ. ನೀರಿಲ್ಲದ ಶುದ್ಧ ರೂಪದಲ್ಲಿ ಅದು ಸುಮಾರು 16.6 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮಂಜಿನಂತೆ ಗಟ್ಟಿಯಾಗುತ್ತದೆ.

ಹರಳುಗಳ ಪಂಕ್ತಿಗೆ ಬಂದರೆ ಭೇದ ಬಹಳ. ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ ಇವು ನೂರು ಗ್ರಾಂ ನೀರಿನಲ್ಲಿ ನೂರು ಗ್ರಾಮಿಗಿಂತ ಹೆಚ್ಚೇ ಕರಗುತ್ತವೆ. ಹುಣಸೆಹಣ್ಣನ್ನು ನೆನೆಹಾಕಿ ಕಿವುಚಿದರೆ ಹುಳಿಯೆಲ್ಲ ನೀರಿಗೆ ಬಂದು ನಾರು ಕೈಯಲ್ಲಿ ಉಳಿಯುವುದು ಇದರಿಂದಲೇ. ತುಕ್ಕಿನ ಕಲೆ ತೆಗೆಯುವ ಆಕ್ಸಾಲಿಕ್ ಆಮ್ಲ ಸುಮಾರು ಹತ್ತು ಗ್ರಾಂ ಕರಗುತ್ತದೆ. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿಯೂ ಒಂದು ಆಮ್ಲ; ಅದು ಕರಗುವುದು ಸುಮಾರು ಐದು ಗ್ರಾಂ. ನೀರು ಕುದಿಯುತ್ತಿದ್ದರೆ ಅದರ ಐದರಷ್ಟು. ಬೆಂಜೋಯಿಕ್ ಆಮ್ಲವಂತೂ ತಣ್ಣೀರಿನಲ್ಲಿ ಒಂದು ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಶರಬತ್ತು, ಉಪ್ಪಿನಕಾಯಿಗಳು ಕೆಡದಂತೆ ಕಾಪಾಡುವ ಗುಣ ಈ ಆಮ್ಲಕ್ಕಿದೆ, ಕರಗುವುದಿಲ್ಲವೆಂಬುದೇ ತೊಂದರೆ. ಆದುದರಿಂದ ತಯಾರಕರು ಸೋಡಿಯಮ್ ಬೆಂಜೋಯೇಟ್ ಎಂಬ ಅದರ ಲವಣವನ್ನು ಬಳಸುತ್ತಾರೆ. ಅದು ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ. ಹುಳಿಯ ಪದಾರ್ಥದೊಳಗೆ ಹೋದ ಮೇಲೆ ಮತ್ತೆ ಆಮ್ಲವಾಗಿ ತನ್ನ ಕೆಲಸ ಮಾಡುತ್ತದೆ.

ಇಷ್ಟೊಂದು ಭೇದ ಏಕೆ? ಇರುವೆಯ ಫಾರ್ಮಿಕ್ ಆಮ್ಲದಿಂದ ಹಿಡಿದು ಕೊಬ್ಬಿನ ಆಮ್ಲಗಳ ವರೆಗೆ ಒಂದು ಸಂಸಾರವಿದೆ. ಈ ಸಂಸಾರದ ಪ್ರತಿಯೊಂದು ಅಣುವಿಗೂ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರೀತಿ. ಬಾಲ ಇಂಗಾಲ, ಜಲಜನಕಗಳ ಸರಪಳಿ. ಅದರ ಸ್ವಭಾವ ಎಣ್ಣೆಯದು. ಫಾರ್ಮಿಕ್, ಅಸೆಟಿಕ್, ಪ್ರೊಪಿಯಾನಿಕ್, ಕೆಟ್ಟ ಬೆಣ್ಣೆಯ ನಾತಕ್ಕೆ ಕಾರಣವಾದ ಬ್ಯುಟಿರಿಕ್, ಈ ನಾಲ್ಕರ ತನಕ ತಲೆಯ ಮಾತು ನಡೆಯುತ್ತದೆ. ಇವು ನೀರಿನಲ್ಲಿ ಪೂರ್ತಿ ಬೆರೆಯುತ್ತವೆ. ಐದು ಇಂಗಾಲದ ಆಮ್ಲ ನೂರು ಗ್ರಾಮಿಗೆ ಕೆಲವೇ ಗ್ರಾಂ ಕರಗುತ್ತದೆ. ಆರು ಇಂಗಾಲದ್ದು ಸುಮಾರು ಒಂದು ಗ್ರಾಂ. ಮೇಣದ ಬತ್ತಿಗೆ ಬಳಸುವ ಸ್ಟಿಯರಿಕ್ ಆಮ್ಲದಲ್ಲಿ ಹದಿನೆಂಟು ಇಂಗಾಲಗಳಿವೆ. ಅದು ನೀರನ್ನು ಮೂಸಿಯೂ ನೋಡುವುದಿಲ್ಲ. ಆದರೆ ಅದಕ್ಕೆ ಕಾಸ್ಟಿಕ್ ಸೋಡಾ ಸೇರಿಸಿದರೆ ಅದು ಸಾಬೂನಾಗಿ ನೀರಿಗೆ ಇಳಿಯುತ್ತದೆ. ಎಣ್ಣೆಯ ಕೊಳೆಯನ್ನು ನೀರಿಗೆ ಒಪ್ಪಿಸುವ ಸಾಬೂನಿನ ಗುಟ್ಟು ಇದೇ ತಲೆ ಬಾಲಗಳ ಗುಟ್ಟು.

ಈಗ ಎರಡನೆಯ ಪ್ರಶ್ನೆ. ಚೆನ್ನಾಗಿ ಕರಗಿದ ಆಮ್ಲವೆಲ್ಲ ಉಗ್ರವೆ? ಅಲ್ಲ. ಕರಗುವುದು ಬೇರೆ, ಒಡೆಯುವುದು ಬೇರೆ. ಸ್ವೀಡನ್ನಿನ ಅರ್‍ಹೇನಿಯಸ್ ಎಂಬ ತರುಣನು 1884ರಲ್ಲಿ ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಿಂದ ಬೆಳೆದು ಬಂದ ವಿಚಾರವಿದು. ಉಪ್ಪು, ಆಮ್ಲ, ಕ್ಷಾರಗಳು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ತುಣುಕುಗಳಾಗಿ ಬಿಡಿಯಾಗುತ್ತವೆ. ಅವುಗಳಿಗೆ ಅಯಾನುಗಳೆಂದು ಹೆಸರು. ಪರೀಕ್ಷಕರಿಗೆ ಆ ಪ್ರಬಂಧ ರುಚಿಸಲಿಲ್ಲ. ಬಹಳ ಕೆಳಗಿನ ದರ್ಜೆ ಕೊಟ್ಟು ತೇರ್ಗಡೆ ಮಾಡಿದರು. ಆ ವಿಚಾರಕ್ಕೇ 1903ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು.

ಆಮ್ಲದಿಂದ ಬಿಡಿಯಾದ ಜಲಜನಕದ ಅಯಾನು ಒಂಟಿಯಾಗಿರಲಾರದು; ಒಡನೆಯೇ ನೀರಿನ ಅಣುವೊಂದನ್ನು ಆತುಕೊಳ್ಳುತ್ತದೆ. ನಾಲಗೆಗೆ ಹುಳಿಯಾಗಿ ತೋರುವುದೂ ಲಿಟ್ಮಸನ್ನು ಕೆಂಪಾಗಿಸುವುದೂ ಮುಖ್ಯವಾಗಿ ಇದೇ. ಹೈಡ್ರೋಕ್ಲೋರಿಕ್ ಆಮ್ಲದ ಸಾರಗೆಟ್ಟ ದ್ರಾವಣದಲ್ಲಿ ಅಣುಗಳು ಹೆಚ್ಚು ಕಡಿಮೆ ಎಲ್ಲವೂ ಒಡೆದಿರುತ್ತವೆ. ಅದು ಪ್ರಬಲ ಆಮ್ಲ. ವಿನೆಗರಿನಲ್ಲಿ ಅಸೆಟಿಕ್ ಆಮ್ಲದ ಸಾವಿರ ಅಣುಗಳಲ್ಲಿ ಒಡೆದಿರುವುದು ಸುಮಾರು ಐದು. ಅದು ದುರ್ಬಲ ಆಮ್ಲ. ಎರಡೂ ನೀರಿನಲ್ಲಿ ಯಥೇಚ್ಛವಾಗಿ ಕರಗುವುವೇ. ಕರಗಿದ ಮೇಲೆ ಒಂದರ ನಡತೆ ಒಂದು ಬಗೆ, ಇನ್ನೊಂದರದು ಇನ್ನೊಂದು ಬಗೆ. ದ್ರಾವಣ ಗಟ್ಟಿಯೋ ತೆಳುವೋ ಎಂಬುದು ನೀರಿನ ಪ್ರಮಾಣದ ಮಾತು. ಆಮ್ಲ ಪ್ರಬಲವೋ ದುರ್ಬಲವೋ ಎಂಬುದು ಅದರ ಹುಟ್ಟುಗುಣದ ಮಾತು. ಈ ಎರಡನ್ನೂ ಕಲಸಿಕೊಳ್ಳಬಾರದು.

ಹುಳಿಯ ಮಟ್ಟವನ್ನು ಅಳೆಯಲು 1909ರಲ್ಲಿ ಕೋಪನ್‌ಹೇಗನ್ನಿನ ಸೋರೆನ್‌ಸೆನ್ ಒಂದು ಅಳತೆಗೋಲನ್ನು ಕೊಟ್ಟನು. ಅದೇ ಪಿಎಚ್. ಶುದ್ಧ ನೀರಿಗೆ 7. ಅಲ್ಲಿಂದ ಒಂದೊಂದು ಅಂಕ ಇಳಿದಂತೆ ಹುಳಿ ಹತ್ತರಷ್ಟು ಏರುತ್ತದೆ. ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡ ನಿರ್ಮಲವಾದ ಮಳೆನೀರು ಸುಮಾರು 5.6, ನಿಂಬೆಯ ರಸ ಎರಡರ ಆಸುಪಾಸು. ನಮ್ಮ ಜಠರದೊಳಗೆ ಹೈಡ್ರೋಕ್ಲೋರಿಕ್ ಆಮ್ಲವೇ ಇದ್ದು, ಅಲ್ಲಿಯ ಹುಳಿ ನಿಂಬೆಯ ರಸವನ್ನೂ ಮೀರುವುದುಂಟು.

ನೀರಿಲ್ಲದ ಕಡೆ ಆಮ್ಲ ಹೇಗಿರುತ್ತದೆ? ಬೇಕಾದರೆ ನೀವೇ ನೋಡಬಹುದು. ಒಣಗಿದ ಬಟ್ಟಲಿನಲ್ಲಿ ನಿಂಬೆಹುಳಿಯ ಹರಳನ್ನೂ ಅಡಿಗೆ ಸೋಡಾವನ್ನೂ ಬೆರೆಸಿಡಿ. ಎರಡೂ ಸುಮ್ಮನೆ ಕುಳಿತಿರುತ್ತವೆ. ಒಂದು ಚಮಚ ನೀರು ಬಿಟ್ಟೊಡನೆ ಬುರುಬುರು ನೊರೆ ಏಳುತ್ತದೆ. ಪೂರ್ತಿ ಒಣಗಿದ ಹೈಡ್ರೋಕ್ಲೋರಿಕ್ ಅನಿಲದಲ್ಲಿ ಒಣಗಿದ ಲಿಟ್ಮಸ್ ಕಾಗದದ ಬಣ್ಣ ಬದಲಾಗುವುದಿಲ್ಲ. ಕಾಗದವನ್ನು ತೊಯ್ಸಿದರೆ ಕೆಂಪು. ಅತಿ ಗಟ್ಟಿಯಾದ ಗಂಧಕಾಮ್ಲವನ್ನು ಉಕ್ಕಿನ ತೊಟ್ಟಿಗಳಲ್ಲಿ ತುಂಬಿ ಲಾರಿಯಲ್ಲಿ ಸಾಗಿಸುತ್ತಾರೆ. ಉಕ್ಕಿನ ಮೇಲೆ ಒಂದು ಪದರ ಕಟ್ಟಿಕೊಂಡು ಕಾಪಾಡುತ್ತದೆ. ಅದೇ ಆಮ್ಲಕ್ಕೆ ನೀರು ಸೇರಿ ತೆಳುವಾದರೆ ಕಬ್ಬಿಣವನ್ನು ತಿಂದು ಜಲಜನಕವನ್ನು ಉಗುಳುತ್ತದೆ. ಆಮ್ಲವನ್ನು ಆಮ್ಲವನ್ನಾಗಿ ಮಾಡುವುದು ನೀರು ಎಂದರೆ ಬಹಳ ತಪ್ಪಾಗದು.

ಆಮ್ಲಗಳ ಸಾಮಾನ್ಯ ಗುಣಗಳು ನಮ್ಮ ಮನೆಗಳಲ್ಲಿ ಎಂದಿನಿಂದಲೂ ಪರಿಚಿತ. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಕೆಂಪು ಆರತಿಯ ನೀರಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿ. ಸುಣ್ಣದ ಕ್ಷಾರ ಸತ್ತು ಮತ್ತೆ ಹಳದಿ ಬರುತ್ತದೆ. ಕ್ಷಾರವನ್ನು ಆಮ್ಲವೂ ಆಮ್ಲವನ್ನು ಕ್ಷಾರವೂ ಶಮನಗೊಳಿಸುವುದೆಂದರೆ ಇದೇ. ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಚೊಂಬು ಥಳಥಳಿಸುವುದು, ಮೇಲಿನ ಕಿಲುಬನ್ನು ಹುಳಿ ಕರಗಿಸಿ ತೆಗೆಯುವುದರಿಂದ. ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಸಾರು, ಮಜ್ಜಿಗೆ ಇಡಬಾರದೆಂದು ಹಿರಿಯರು ಹೇಳುತ್ತಿದ್ದುದೂ ಅದಕ್ಕೇ. ಹೊರಗೆ ಚೊಂಬನ್ನು ಬೆಳಗಿದ ಹುಳಿ ಒಳಗೆ ತಾಮ್ರವನ್ನು ಊಟಕ್ಕೆ ಬೆರೆಸುತ್ತದೆ. ಮನೆಗೆ ಶಹಾಬಾದಿನ ಕಲ್ಲು ಹಾಸಿದವರು ಇನ್ನೊಂದನ್ನು ಗಮನಿಸಬೇಕು. ಅದು ಸುಣ್ಣದ ಕಲ್ಲು. ಕಲೆ ಹೋಗಲೆಂದು ಆಸಿಡ್ ಸುರಿದರೆ ಕಲೆಯೊಡನೆ ಕಲ್ಲಿನ ನಯವೂ ನೊರೆಯಾಗಿ ಹೋಗುತ್ತದೆ.

ದುರ್ಬಲ ಆಮ್ಲವೆಂದರೆ ನಿರಪಾಯವಾದ ಆಮ್ಲವೆಂದು ಮಾತ್ರ ತಿಳಿಯಬೇಡಿ. ಗಾಜನ್ನು ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲ ಶಾಸ್ತ್ರದ ಲೆಕ್ಕದಲ್ಲಿ ದುರ್ಬಲ. ಆದರೆ ಅದು ಚರ್ಮದೊಳಗೆ ಇಳಿದು, ಮೂಳೆಯವರೆಗೂ ಹೋಗಿ, ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಪ್ರಾಣಕ್ಕೇ ಎರವಾಗಬಲ್ಲುದು. ಗಟ್ಟಿಯಾದ ಅಸೆಟಿಕ್ ಆಮ್ಲವೂ ಚರ್ಮವನ್ನು ಸುಡುತ್ತದೆ.

ಮೂರನೆಯ ಪ್ರಶ್ನೆಗೆ ಒಂದು ನಡೆದ ಸಂಗತಿಯನ್ನೇ ಉತ್ತರವಾಗಿ ಹೇಳುತ್ತೇನೆ. ನಾನು ಉಪಾಧ್ಯಾಯನಾಗಿದ್ದ ಊರಿನಲ್ಲಿ ಬಸ್ ನಿಲ್ದಾಣದ ಬಳಿ ಬ್ಯಾಟರಿ ರಿಪೇರಿಯ ಒಂದು ಅಂಗಡಿ ಇತ್ತು. ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಗಟ್ಟಿ ಗಂಧಕಾಮ್ಲವನ್ನು ತೆಳು ಮಾಡಲೆಂದು ಆಮ್ಲದ ಪಾತ್ರೆಗೆ ಒಂದು ಲೋಟ ನೀರು ಸುರಿದ. ಪಟಪಟನೆ ಸಿಡಿದು ಮುಖಕ್ಕೆ ಹಾರಿತು. ಜನ ಕೂಡಿದರು. ಒಬ್ಬರು ಒದ್ದೆ ಬಟ್ಟೆಯಿಂದ ಒರೆಸಹೋದರು. ಇನ್ನೊಬ್ಬರು ಸುಣ್ಣ ತರಲು ಓಡಿದರು. ‘ನೀರು ಹಾಕಬೇಡಿ, ಇನ್ನೂ ಸುಡುತ್ತದೆ’ ಎಂದು ಮತ್ತೊಬ್ಬರು ಕೂಗಿದರು. ಅಷ್ಟರಲ್ಲಿ ನಲ್ಲಿಯ ಬಳಿ ಇದ್ದ ಹೆಂಗಸೊಬ್ಬಳು ಯಾರ ಮಾತನ್ನೂ ಕೇಳದೆ ತನ್ನ ತುಂಬಿದ ಕೊಡವನ್ನು ಹುಡುಗನ ಮುಖದ ಮೇಲೆ ಸುರಿದಳು. ‘ಕಣ್ಣು ಬಿಡು ಮಗಾ, ಕಣ್ಣು ಬಿಡು’ ಎನ್ನುತ್ತಾ ಅವನನ್ನು ನಲ್ಲಿಗೆ ಎಳೆದೊಯ್ದು, ಆಸ್ಪತ್ರೆಯ ಗಾಡಿ ಬರುವ ತನಕ ನೀರು ಬಿಡುತ್ತಲೇ ಇದ್ದಳು. ಕೆನ್ನೆಯ ಮೇಲೆ ಗುರುತು ಉಳಿಯಿತು. ಎರಡು ಕಣ್ಣೂ ಉಳಿದುವು.

ಮರುದಿನ ತರಗತಿಯಲ್ಲಿ ಹುಡುಗರು ಕೇಳಿದರು: ‘ನೀರು ಬಿದ್ದೇ ಸಿಡಿದದ್ದಲ್ಲವೆ ಸಾರ್? ಮತ್ತೆ ನೀರೇ ಹೇಗೆ ಕಾಪಾಡಿತು?’ ಒಳ್ಳೆಯ ಪ್ರಶ್ನೆ. ಉತ್ತರ ನೀರಿನ ಪ್ರಮಾಣದಲ್ಲಿದೆ. ಗಂಧಕಾಮ್ಲ ನೀರಿನೊಡನೆ ಬೆರೆಯುವಾಗ ಬಹಳ ಶಾಖ ಹುಟ್ಟುತ್ತದೆ. ಆಮ್ಲಕ್ಕೆ ನೀರು ಸುರಿದರೆ, ನೀರು ಹಗುರವಾದದ್ದರಿಂದ ಭಾರವಾದ ಆಮ್ಲದ ಮೇಲೆಯೇ ನಿಲ್ಲುತ್ತದೆ; ಎರಡೂ ಸೇರುವ ಕಡೆ ಆ ಸ್ವಲ್ಪ ನೀರಿಗೇ ಶಾಖವೆಲ್ಲ ತಗಲಿ, ಕುದಿದು ಹಬೆಯಾಗಿ, ಆಮ್ಲವನ್ನೂ ಎತ್ತಿಕೊಂಡು ಸಿಡಿಯುತ್ತದೆ. ಬಹಳ ನೀರಿಗೆ ಆಮ್ಲವನ್ನು ಸಣ್ಣಗೆ ಬಿಟ್ಟು ಕಲಕುತ್ತಿದ್ದರೆ, ಆಮ್ಲ ಕೆಳಕ್ಕಿಳಿಯುತ್ತಾ ಬೆರೆಯುತ್ತದೆ. ಶಾಖವನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ಆದುದರಿಂದ ನೀರಿಗೆ ಆಮ್ಲ; ಆಮ್ಲಕ್ಕೆ ನೀರಲ್ಲ. ಮೈಮೇಲೆ ಬಿದ್ದಾಗಲೂ ಇದೇ ನ್ಯಾಯ. ಒದ್ದೆ ಬಟ್ಟೆಯ ಸ್ವಲ್ಪ ನೀರು ಶಾಖವನ್ನು ಹುಟ್ಟಿಸಿ ಆಮ್ಲವನ್ನು ಹರಡುತ್ತದೆ. ಹರಿಯುವ ನೀರು ಶಾಖವನ್ನೂ ಆಮ್ಲವನ್ನೂ ಎರಡನ್ನೂ ಒಯ್ದುಬಿಡುತ್ತದೆ. ಆಮ್ಲಕ್ಕೆ ನೀರಿನ ಮೇಲಿರುವ ಆಸೆಯೇ ಆಗ ನಮಗೆ ನೆರವಾಗುತ್ತದೆ.

ಮನೆಯವರು ನೆನಪಿಡಬೇಕಾದುದು ಇಷ್ಟು. ಆಮ್ಲ ತಗಲಿದರೆ ಆ ಕ್ಷಣದಿಂದಲೇ ಹರಿಯುವ ನೀರಿನಲ್ಲಿ ಕಡಿಮೆಯೆಂದರೆ ಇಪ್ಪತ್ತು ನಿಮಿಷ ತೊಳೆಯಿರಿ. ತೊಳೆಯುತ್ತಲೇ ಆಮ್ಲ ಬಿದ್ದ ಬಟ್ಟೆಯನ್ನು ತೆಗೆಯಿರಿ. ಕಣ್ಣಾದರೆ ರೆಪ್ಪೆ ತೆರೆದು ತೊಳೆಯಿರಿ. ಸುಣ್ಣ, ಸೋಡಾ, ತುಪ್ಪ, ಮುಲಾಮು ಯಾವುದನ್ನೂ ಹಚ್ಚಬೇಡಿ. ಆಮ್ಲ ಕುಡಿದವರಿಗೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಮತ್ತೆ ಸುಡುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಸೇರಿಸಬೇಡಿ. ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಕುಡಿಯುವ ಪಾನೀಯಗಳ ಬಾಟಲಿಯಲ್ಲಿ ಆಸಿಡ್ ತುಂಬಿಡಬೇಡಿ. ಬಾಯಾರಿದ ಮಗು ಬಣ್ಣ ನೋಡಿ ಕುಡಿಯುತ್ತದೆ, ಚೀಟಿ ಓದಿ ಕುಡಿಯುವುದಿಲ್ಲ.

ಇನ್ನೊಂದು ನೋವಿನ ಮಾತಿದೆ. ಆಮ್ಲ ತಾನಾಗಿ ಸಿಡಿದು ಆಗುವ ಅಪಾಯ ಒಂದು. ಮನುಷ್ಯ ಮನುಷ್ಯನ ಮುಖಕ್ಕೆ, ಹೆಚ್ಚಾಗಿ ಹೆಣ್ಣಿನ ಮುಖಕ್ಕೆ, ಬೇಕೆಂದೇ ಎರಚುವುದು ಇನ್ನೊಂದು. 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಆಸಿಡ್ ಮಾರಾಟಕ್ಕೆ ಕಟ್ಟುಪಾಡು ಹಾಕಿತು. ಮಾರುವವರು ಕೊಳ್ಳುವವರ ವಿವರವನ್ನು ಪುಸ್ತಕದಲ್ಲಿ ಬರೆಯಬೇಕು, ಗುರುತಿನ ಚೀಟಿ ನೋಡಬೇಕು, ಉದ್ದೇಶ ಕೇಳಬೇಕು, ಹದಿನೆಂಟು ತುಂಬದವರಿಗೆ ಮಾರಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆಸಿಡ್ ಎರಚಿ ಗಾಯಪಡಿಸಿದವನಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯ ತನಕ ಹೋಗಬಹುದಾದ ಸೆರೆವಾಸವಿದೆ. ಹೀಗೆ ಗಾಯಗೊಂಡವರಿಗೆ, ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಯಾವ ಆಸ್ಪತ್ರೆಯೂ ಹಣ ಕೇಳದೆ ಮೊದಲ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಕಾನೂನು ತನ್ನ ಕೆಲಸ ಮಾಡಲಿ. ಅಂಥ ಗಳಿಗೆಯಲ್ಲಿ ಹತ್ತಿರ ಇದ್ದವರ ಮೊದಲ ಕೆಲಸ ಮಾತ್ರ ನೀರು. ನೋಡುತ್ತಾ ನಿಲ್ಲುವುದಲ್ಲ, ನೀರು ಬೇಡವೆನ್ನುವುದಲ್ಲ.

ಕಡಲೆಯ ಹೊಲದಲ್ಲಿ ಎಲೆಯ ಹುಳಿಯನ್ನು ಇಬ್ಬನಿ ಅರಿವೆಗೆ ತಂದಿತು. ಬಸ್ ನಿಲ್ದಾಣದ ಬಳಿ ಹುಡುಗನ ಕಣ್ಣಿನ ಆಮ್ಲವನ್ನು ಒಂದು ಕೊಡ ನೀರು ಒಯ್ದಿತು. ಎರಡು ಕಡೆಯೂ ಕೆಲಸ ಮಾಡಿದ್ದು ಒಂದೇ ಗುಣ. ಆ ಹೆಂಗಸು ರಸಾಯನಶಾಸ್ತ್ರ ಓದಿದವಳಲ್ಲ. ಓದಿದ ನಾವೂ ನೀವೂ ಸಮಯಕ್ಕೆ ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು. ಈ ಹೊತ್ತು ನಾನು ಆಡಿದ ಮಾತು ಸಾರ್ಥಕ.